ಸೊಲ್ಲಾಪುರದ ಮುಗಿಲಿನಲ್ಲಿ ನೀರು ಮತ್ತು ಹಿಮ

ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಸೊಲ್ಲಾಪುರ, ಅಕ್ಕಲಕೋಟೆಗಳ ಬಯಲಿನಲ್ಲಿ ಮುಂಗಾರಿನ ಮೋಡಗಳು ದಟ್ಟೈಸಿಯೂ ಹನಿಯದೆ ಸಾಗುವುದು ರೈತರಿಗೆ ಹೊಸತಲ್ಲ. ಯಾರಿಗೂ ಮಳೆ ಬೇಡವಾದ ಸುಗ್ಗಿಯ ಹೊತ್ತಿನಲ್ಲಿ ಅದೇ ಮುಗಿಲು ಆಲಿಕಲ್ಲು ಸುರಿಸುವುದೂ ಹೊಸತಲ್ಲ. 2014ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಮಹಾರಾಷ್ಟ್ರದ ಹಲವು ಜಿಲ್ಲೆಗಳ ಮೇಲೆ ಎರಗಿದ ಆಲಿಕಲ್ಲಿನ ಮಳೆ ಸೊಲ್ಲಾಪುರದ ದ್ರಾಕ್ಷಿ, ದಾಳಿಂಬೆಗಳನ್ನೂ ಬಿಡಲಿಲ್ಲ. ಮೋಡ ಏಕೆ ಹನಿಯುವುದಿಲ್ಲ, ಹನಿದರೆ ಏಕೆ ಕಲ್ಲಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ನೀರಿನ ಅಣುಗಳು ದ್ರವದಲ್ಲಿ ಹೇಗಿರುತ್ತವೆ, ಘನದಲ್ಲಿ ಹೇಗಿರುತ್ತವೆ ಎಂಬಲ್ಲಿಂದಲೇ ತೊಡಗಬೇಕು.

ಒಂದು ಆಮ್ಲಜನಕ ಪರಮಾಣು ಮತ್ತು ಎರಡು ಜಲಜನಕ ಪರಮಾಣುಗಳು ಸುಮಾರು 104.5 ಡಿಗ್ರಿ ಕೋನದಲ್ಲಿ ಬಾಗಿ ಕೂಡಿರುವುದರಿಂದ ಅಣುವಿನ ಒಂದು ಬದಿಯಲ್ಲಿ ತುಸು ಋಣ ವಿದ್ಯುದಂಶವೂ ಇನ್ನೊಂದು ಬದಿಯಲ್ಲಿ ತುಸು ಧನ ವಿದ್ಯುದಂಶವೂ ಇರುತ್ತವೆ. ಹೀಗಾಗಿ ಒಂದು ಅಣುವಿನ ಜಲಜನಕವು ನೆರೆಯ ಅಣುವಿನ ಆಮ್ಲಜನಕದತ್ತ ಸೆಳೆಯಲ್ಪಡುತ್ತದೆ. ಈ ಸೆಳೆತವೇ ಜಲಜನಕ ಬಂಧ. ದ್ರವದಲ್ಲಿ ಇಂಥ ಒಂದು ಬಂಧದ ಆಯುಷ್ಯ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಮಾತ್ರ. ಅಣುಗಳು ಒಬ್ಬರ ಕೈಬಿಟ್ಟು ಇನ್ನೊಬ್ಬರ ಕೈಹಿಡಿಯುತ್ತ ಜಾತ್ರೆಯ ಜನಜಂಗುಳಿಯಂತೆ ಒತ್ತೊತ್ತಾಗಿ ಸರಿದಾಡುತ್ತಿರುತ್ತವೆ. ಹಿಮದಲ್ಲಿಯಾದರೆ ಪ್ರತಿ ಅಣುವೂ ನಾಲ್ಕು ನೆರೆಯವರೊಡನೆ ಬಂಧಿತವಾಗಿ ಷಟ್ಕೋನದ ಚೌಕಟ್ಟಿನಲ್ಲಿ ನಿಲ್ಲುತ್ತದೆ, ಅಲ್ಲಿ ಅದು ಕಂಪಿಸಬಹುದೇ ಹೊರತು ಸುಲಭವಾಗಿ ಅಲೆಯಲಾರದು. ಈ ಚೌಕಟ್ಟಿನೊಳಗೆ ಬರಿದಾದ ಜಾಗ ಹೆಚ್ಚು. ಆದಕಾರಣ ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ, ಹಿಮ ನೀರಿನ ಮೇಲೆ ತೇಲುತ್ತದೆ.

ಕೆರೆಯ ನೀರು ಹೆಪ್ಪುಗಟ್ಟುವಂಥ ಚಳಿ ಈ ಸೀಮೆಯ ನೆಲದ ಮೇಲೆ ಬೀಳುವುದಿಲ್ಲ. ಆದರೆ ಮಳೆಗಾಲದಲ್ಲಿ ತಲೆಯ ಮೇಲೆ ಸುಮಾರು 5 ಕಿಲೋಮೀಟರ್ ಏರಿದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್ ಸಿಗುತ್ತದೆ, ಎತ್ತರದ ಮೋಡಗಳು ಅದನ್ನೂ ದಾಟಿ ಬೆಳೆಯುತ್ತವೆ. ಅಚ್ಚರಿಯ ಸಂಗತಿಯೆಂದರೆ ಅಲ್ಲಿಯೂ ಹನಿಗಳು ಕೂಡಲೇ ಹಿಮವಾಗುವುದಿಲ್ಲ. ಚೌಕಟ್ಟು ಕಟ್ಟಲು ಮೊದಲ ಕೆಲವು ಅಣುಗಳು ಸರಿಯಾಗಿ ಸಾಲುಗೂಡಬೇಕು. ಅದಕ್ಕೆ ಆಸರೆಯಾಗುವ ಧೂಳಿನ ಕಣ ಸಿಗದಿದ್ದರೆ ಶುದ್ಧ ನೀರಿನ ಸೂಕ್ಷ್ಮ ಹನಿ ಸೊನ್ನೆಗಿಂತ ಸುಮಾರು 38 ಡಿಗ್ರಿ ಕೆಳಗಿನವರೆಗೂ ದ್ರವವಾಗಿಯೇ ಉಳಿಯಬಲ್ಲದು. ಇದನ್ನು ಅತಿಶೀತಲ ನೀರು ಎನ್ನುತ್ತಾರೆ.

ಇಂಥ ಹನಿಗಳ ನಡುವೆ ಒಂದು ಹಿಮದ ಹರಳು ಬಲವಾದ ಮೇಲ್ಗಾಳಿಗೆ ಸಿಕ್ಕಿ ತೇಲಾಡತೊಡಗಿದರೆ ಆಲಿಕಲ್ಲು ಹುಟ್ಟುತ್ತದೆ. ದೊಡ್ಡ ಆಲಿಕಲ್ಲೊಂದನ್ನು ಅಡ್ಡ ಕತ್ತರಿಸಿ ನೋಡಿದರೆ ಹಾಲಿನಂಥ ಬಿಳಿ ಸುತ್ತುಗಳೂ ಗಾಜಿನಂಥ ಪಾರದರ್ಶಕ ಸುತ್ತುಗಳೂ ಒಂದರ ಹೊರಗೊಂದು ಕಾಣುತ್ತವೆ. ಕಲ್ಲಿಗೆ ಬಡಿದ ಹನಿ ತಟ್ಟನೆ ಹೆಪ್ಪುಗಟ್ಟಿದಾಗ ಗಾಳಿಯ ಗುಳ್ಳೆಗಳು ಒಳಗೇ ಸೆರೆಯಾಗಿ ಬಿಳಿ ಸುತ್ತು ಮೂಡುತ್ತದೆ. ಆದರೆ ಅಣುಗಳು ಚೌಕಟ್ಟು ಸೇರುವಾಗ ಪ್ರತಿ ಗ್ರಾಮಿಗೆ ಸುಮಾರು 80 ಕ್ಯಾಲರಿ ಶಾಖವನ್ನು ಬಿಟ್ಟುಕೊಡುತ್ತವೆಯಾದ್ದರಿಂದ, ಹನಿಗಳು ದಂಡಿಯಾಗಿ ಬಡಿಯುವ ಕಡೆ ಆ ಶಾಖ ಬೇಗನೆ ಹೊರಹೋಗಲಾರದೆ ನೀರು ಕಲ್ಲಿನ ಮೇಲೆ ತೆಳುವಾಗಿ ಹರಡಿ, ಗುಳ್ಳೆಗಳು ತಪ್ಪಿಸಿಕೊಂಡ ಬಳಿಕ ನಿಧಾನವಾಗಿ ಗಟ್ಟಿಯಾಗುತ್ತದೆ. ಪಾರದರ್ಶಕ ಸುತ್ತು ಹುಟ್ಟುವುದು ಹೀಗೆ.

ಈ ಮೋಡಗಳಿಂದ ಕಲ್ಲಿನ ಬದಲು ಹದವಾದ ಮಳೆ ಪಡೆಯಬಹುದೆ? ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ 2018 ಮತ್ತು 2019ರ ಮಳೆಗಾಲಗಳಲ್ಲಿ ಸೊಲ್ಲಾಪುರವನ್ನೇ ಕೇಂದ್ರವಾಗಿಸಿಕೊಂಡು ಮೋಡಬಿತ್ತನೆಯ ಪ್ರಯೋಗ ನಡೆಸಿತು. ವಿಮಾನಗಳು ಮೋಡದ ತಳದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಬತ್ತಿಗಳನ್ನು ಉರಿಸಿದವು. ಈ ಲವಣದ ಕಣಗಳು ನೀರಿನ ಅಣುಗಳನ್ನು ಎಳೆದುಕೊಂಡು ಹನಿಗಳನ್ನು ದಪ್ಪಗಾಗಿಸುತ್ತವೆ, ದಪ್ಪ ಹನಿಗಳು ಬೀಳುತ್ತ ಸಣ್ಣವನ್ನು ನುಂಗಿ ಮಳೆಯಾಗುತ್ತವೆ. ಒಂದು ಮಳೆಹನಿಗೆ ಸುಮಾರು ಹತ್ತು ಲಕ್ಷ ಮೋಡದ ಹನಿಗಳು ಬೇಕು. ಸಿಲ್ವರ್ ಅಯೋಡೈಡ್ ಬಿತ್ತುವ ಇನ್ನೊಂದು ಪದ್ಧತಿಯ ದಾರಿಯೇ ಬೇರೆ: ಅದರ ಹರಳಿನ ರಚನೆ ಹಿಮದ ಚೌಕಟ್ಟನ್ನು ಹೋಲುವುದರಿಂದ ಅತಿಶೀತಲ ಹನಿಗಳಿಗೆ ಹೆಪ್ಪುಗಟ್ಟಲು ಅದು ಆಸರೆಯಾಗುತ್ತದೆ.

ಒಟ್ಟು 276 ಮೋಡಗಳಲ್ಲಿ ಕೆಲವನ್ನು ಬಿತ್ತಿ, ಕೆಲವನ್ನು ಹೋಲಿಕೆಗಾಗಿ ಹಾಗೆಯೇ ಬಿಟ್ಟು ನಡೆಸಿದ ಈ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಗಾಳಿ ಬೀಸುವ ದಿಕ್ಕಿನ ಸುಮಾರು 100 ಚದರ ಕಿಲೋಮೀಟರಿನಲ್ಲಿ ಮಳೆ ಶೇಕಡ 18ರಷ್ಟು ಹೆಚ್ಚಿತೆಂದು ಅದು ಹೇಳುತ್ತದೆ. ಈ ಅಂಕಿಯನ್ನು ಕಡೆಗಣಿಸಬೇಕಾಗಿಲ್ಲ, ಹಿಗ್ಗಿಸಲೂಬಾರದು. ಬಿತ್ತನೆಗೆ ಯೋಗ್ಯವಾದ ಮೋಡ ಮೊದಲೇ ಮೇಲಿರಬೇಕು; ಬರದ ವರ್ಷದ ಬರಿಯ ಆಕಾಶಕ್ಕೆ ಎಷ್ಟು ವಿಮಾನ ಹಾರಿಸಿದರೂ ಹನಿ ಬೀಳದು ಎಂಬುದನ್ನು ಮೋಡಬಿತ್ತನೆಯನ್ನು ಬರಕ್ಕೆ ಮದ್ದೆಂದು ಸಾರುವವರು ರೈತರಿಗೆ ಮೊದಲೇ ತಿಳಿಸಬೇಕು.