ಹೆಸರು ಬ್ರೇಕ್ ಆಯಿಲ್, ಆದರೆ ಎಣ್ಣೆಯಲ್ಲ!

ನಿಮ್ಮ ಮನೆಯಲ್ಲಿ ಹಳೆಯ ಕಾರಿದ್ದರೆ ಒಮ್ಮೆ ಬಾನೆಟ್ ತೆರೆದು ನೋಡಿ. ಸಾಮಾನ್ಯವಾಗಿ ಡ್ರೈವರ್ ಸೀಟಿನ ನೇರಕ್ಕೆ, ಎಂಜಿನ್ನಿನ ಹಿಂಬದಿಯಲ್ಲಿ, ಹಾಲುಬಣ್ಣದ ಪುಟ್ಟ ಪ್ಲಾಸ್ಟಿಕ್ ಡಬ್ಬಿಯೊಂದಿರುತ್ತದೆ. ಅದರ ಮೈಮೇಲೆ ‘ಮ್ಯಾಕ್ಸ್’, ‘ಮಿನ್’ ಎಂಬ ಎರಡು ಗೆರೆಗಳು. ಅದೇ ಬ್ರೇಕ್ ಆಯಿಲ್ ಡಬ್ಬಿ. ಪೆಡಲ್ ಒತ್ತಿದಾಗ ಅದರ ಕೆಳಗಿನ ಮಾಸ್ಟರ್ ಸಿಲಿಂಡರ್ ಈ ದ್ರವದ ಮೂಲಕ ನಾಲ್ಕೂ ಚಕ್ರಗಳಿಗೆ ಒತ್ತಡ ಕಳಿಸುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಹೊರಟ ಕಾರು ಸಮಯಕ್ಕೆ ಸರಿಯಾಗಿ ನಿಲ್ಲುವುದು ಈ ದ್ರವದಿಂದಲೇ.

ಹೆಸರಿನಲ್ಲಿ ‘ಆಯಿಲ್’ ಇದ್ದರೂ ಸಾಮಾನ್ಯ ಕಾರುಗಳಲ್ಲಿ ಬಳಸುವ ಡಾಟ್ 3, ಡಾಟ್ 4 ದ್ರವಗಳು ಎಣ್ಣೆಯಲ್ಲ. ಹೆಸರು ನಂಬಿ ಎಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಉಬ್ಬಿ ಬ್ರೇಕ್ ಕೈಕೊಡುತ್ತದೆ. ನೀರನ್ನಂತೂ ಹಾಕಲೇಬಾರದು. ಯಾವ ಡಾಟ್ ಬೇಕೆಂದು ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ.

ವರ್ಷಗಟ್ಟಲೆ ಬಿಸಿ ತಿಂದ ಪ್ಲಾಸ್ಟಿಕ್ ಬಿರುಸಾಗಿ ಒಡೆಯುತ್ತದೆ. ಡಬ್ಬಿಯ ಸುತ್ತ ಒದ್ದೆ, ಕೆಳಗೆ ಬಣ್ಣ ಎದ್ದಿರುವುದು, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ, ಇವು ಅದರ ಲಕ್ಷಣಗಳು. ಚಕ್ರದ ಒಳಬದಿ ಒದ್ದೆಯಾಗಿದ್ದರೆ ದೋಷ ಬೇರೆಡೆಯಿದೆ. ಬಿರುಕಿಗೆ ಅಂಟು ಹಚ್ಚಿ ಓಡಿಸುವ ಸಾಹಸ ಬೇಡ. ಡಬ್ಬಿಯನ್ನೇ ಬದಲಿಸಬೇಕು.

ಬದಲಿಸುವುದು ಹೇಗೆ?

ಕಾರು ಸಮತಟ್ಟಾದ ಜಾಗದಲ್ಲಿರಲಿ, ಎಂಜಿನ್ ತಣ್ಣಗಾಗಿರಲಿ. ಹ್ಯಾಂಡ್ ಬ್ರೇಕ್ ಎಳೆದು ಚಕ್ರಗಳಿಗೆ ಕಲ್ಲು ಕೊಡಿ. ಹಳೆಯ ದ್ರವವನ್ನು ಸಿರಿಂಜಿನಿಂದ ಹೀರಿ ತೆಗೆಯಿರಿ. ಸುತ್ತ ಬಟ್ಟೆ ಹಾಸಿ. ದ್ರವ ಬಿದ್ದರೆ ಪೇಂಟ್ ಹಾಳಾಗುತ್ತದೆ, ಬಿದ್ದ ಕೂಡಲೇ ನೀರಿನಿಂದ ತೊಳೆಯಬೇಕು. ನಂತರ ವೈರನ್ನೂ, ಕ್ಲಚ್ಚಿನ ಪೈಪು ಇದ್ದರೆ ಅದನ್ನೂ ಬಿಡಿಸಿ. ಡಬ್ಬಿಯನ್ನು ಹಿಡಿದಿರುವ ಪಿನ್ ಅಥವಾ ಸ್ಕ್ರೂ ತೆಗೆದು ಮೆಲ್ಲಗೆ ಅಲುಗಾಡಿಸುತ್ತಾ ಮೇಲಕ್ಕೆಳೆಯಿರಿ. ತೆರೆದ ತೂತುಗಳಿಗೆ ಧೂಳು ಬೀಳಬಾರದು. ಹೊಸ ರಬ್ಬರ್ ಬುಶ್‌ಗಳನ್ನು ಹೊಸ ಬ್ರೇಕ್ ಆಯಿಲ್‌ನಲ್ಲೇ ಒದ್ದೆ ಮಾಡಿ ಕೂರಿಸಿ, ಹೊಸ ಡಬ್ಬಿಯನ್ನು ಒತ್ತಿ ಪಿನ್ ಹಾಕಿ. ಬಿಡಿಸಿದ ವೈರು, ಪೈಪುಗಳನ್ನು ಮರಳಿ ಜೋಡಿಸಿ, ಸೀಲ್ ಒಡೆಯದ ಹೊಸ ಬಾಟಲಿಯಿಂದ ‘ಮ್ಯಾಕ್ಸ್’ ಗೆರೆಯವರೆಗೆ ತುಂಬಿಸಿ. ತೆರೆದಿಟ್ಟ ದ್ರವ ಗಾಳಿಯ ತೇವ ಹೀರುತ್ತದೆ. ಅಂಥದ್ದು ಬಿಸಿಯಾದಾಗ ಬೇಗ ಕುದಿದು ಬ್ರೇಕ್ ಹಿಡಿಯುವುದಿಲ್ಲ.

ಏರ್ ತೆಗೆಯುವಾಗ ನಿಮ್ಮ ಪಾತ್ರ

ಇಲ್ಲಿಗೆ ಕೆಲಸ ಮುಗಿಯಿತೆಂದು ಭಾವಿಸುವುದೇ ಅಪಾಯ. ಗಾಳಿ ಅಮುಕಿಕೊಳ್ಳುತ್ತದೆ, ದ್ರವ ಅಮುಕಿಕೊಳ್ಳುವುದಿಲ್ಲ. ಒಳಗೆ ಗಾಳಿ ಉಳಿದರೆ ಪೆಡಲ್ ಸ್ಪಂಜಿನಂತೆ ಇಳಿಯುತ್ತದೆಯೇ ಹೊರತು ಕಾರು ನಿಲ್ಲುವುದಿಲ್ಲ. ಆದ್ದರಿಂದ ‘ಏರ್ ತೆಗೆಯಲೇ’ಬೇಕು. ಇದಕ್ಕೆ ಇಬ್ಬರು ಬೇಕು. ಚಕ್ರದ ಬಳಿ ಪತಿಯೋ ಮಗನೋ ಕುಳಿತರೆ ಪೆಡಲ್ ಒತ್ತಲು ಹೆಚ್ಚಾಗಿ ಕರೆಯುವುದು ನಿಮ್ಮನ್ನೇ. ನಿಧಾನವಾಗಿ ಒತ್ತಿ ಹಿಡಿಯಿರಿ. ಅವರು ನಿಪ್ಪಲ್ ಸಡಿಲಿಸಿದಾಗ ಪೆಡಲ್ ಕೆಳಗಿಳಿಯುತ್ತದೆ. ‘ಮುಚ್ಚಿದೆ’ ಎಂದು ಹೇಳುವವರೆಗೆ ಕಾಲು ಎತ್ತಬೇಡಿ. ಎತ್ತಿದರೆ ಗಾಳಿ ಮತ್ತೆ ಒಳಸೇರುತ್ತದೆ. ನಡುನಡುವೆ ಡಬ್ಬಿ ಖಾಲಿಯಾಗದಂತೆ ತುಂಬಿಸುತ್ತಿರಬೇಕು. ಎಬಿಎಸ್ ಇರುವ ಕೆಲವು ಕಾರುಗಳಿಗೆ ಗ್ಯಾರೇಜಿನ ಯಂತ್ರವೇ ಬೇಕು.

ಕೊನೆಗೆ ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿದು ನೋಡಿ. ಅದು ಗಟ್ಟಿಯಾಗಿ ನಿಲ್ಲಬೇಕು. ಎಂಜಿನ್ ಚಾಲೂ ಮಾಡಿದಾಗ ತುಸು ಇಳಿಯುವುದು ಸಹಜ. ಆದರೆ ಇಳಿಯುತ್ತಲೇ ಹೋದರೆ, ಎಲ್ಲಿಯಾದರೂ ಸೋರಿದರೆ, ಕಾರನ್ನು ಗೇಟಿನಿಂದಾಚೆ ಬಿಡಬೇಡಿ. ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ. ಎಲ್ಲವೂ ಸರಿಯಿದ್ದರೂ ಮೊದಲ ಓಟ ಖಾಲಿ ಜಾಗದಲ್ಲಿ, ನಿಧಾನವಾಗಿ, ಮಕ್ಕಳಿಲ್ಲದೆ ಆಗಲಿ.

ಇನ್ನೊಂದು ಮಾತು. ಈ ದ್ರವ ವಿಷ. ಉಳಿದದ್ದನ್ನು ಶರಬತ್ತಿನ ಬಾಟಲಿಯಲ್ಲಿ ಹಾಕಿಡಬೇಡಿ, ಚರಂಡಿಗೂ ಚೆಲ್ಲಬೇಡಿ. ಹಳೆಯದನ್ನು ಗ್ಯಾರೇಜಿಗೆ ಕೊಟ್ಟುಬಿಡಿ. ಹಣ ಉಳಿಸಲು ಮನೆಯಲ್ಲೇ ರಿಪೇರಿ ಮಾಡುವುದು ಒಳ್ಳೆಯದೇ. ಆದರೆ ಬ್ರೇಕಿನ ವಿಷಯದಲ್ಲಿ ಸಂಶಯ ಉಳಿದರೆ, ‘ಇವತ್ತು ಕಾರು ಬೇಡ, ಬಸ್ಸಿನಲ್ಲಿ ಹೋಗೋಣ’ ಎಂದು ದೃಢವಾಗಿ ಹೇಳುವವರು ನೀವಾಗಿ.