ಅಲರ್ಜಿ ಕಾಲದಲ್ಲಿ ಮಕ್ಕಳ ಮೂಗಿನಿಂದ ರಕ್ತ ಬರುವುದೇಕೆ?

ಮೂಗಿನ ಹೊಳ್ಳೆಗಳ ನಡುಗೋಡೆಯ ಮುಂಭಾಗದಲ್ಲಿ ಸಣ್ಣ ರಕ್ತನಾಳಗಳು ತೆಳುಪೊರೆಯಡಿ ಹೆಣೆದುಕೊಂಡಿವೆ. ಮಕ್ಕಳಿಗೆ ರಕ್ತ ಸೋರುವುದು ಹೆಚ್ಚಾಗಿ ಅಲ್ಲಿಂದಲೇ. ‘ಉಷ್ಣವಾಗಿದೆ’ ಎನ್ನುವ ಮನೆಮಾತಿನಲ್ಲಿ ಒಣಗಾಳಿಯ ಮಟ್ಟಿಗೆ ಸತ್ಯವಿದೆ. ಅಲರ್ಜಿಯ ಪಾಲನ್ನು ಮಾತ್ರ ಅದು ಮರೆಸುತ್ತದೆ. ಕನಕಪುರ, ಮಾಗಡಿಯ ಬೀಳು ಹೊಲಗಳ ಕಾಂಗ್ರೆಸ್ ಗಿಡದ ಪರಾಗ, ರಾಮನಗರದ ನೂಲು ಬಿಚ್ಚಾಣಿಕೆ ಘಟಕಗಳ ರೇಷ್ಮೆ ಧೂಳು, ಚನ್ನಪಟ್ಟಣದ ಗೊಂಬೆ ಕೆಲಸದ ಮರದ ಹುಡಿ, ಇವೆಲ್ಲ ಸೂಕ್ಷ್ಮ ಮೂಗನ್ನು ಕೆರಳಿಸಬಲ್ಲವು. ಪೊರೆ ಊದಿ ನವೆಯಾಗುತ್ತದೆ. ಮಗು ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜುತ್ತದೆ, ನಿದ್ದೆಯಲ್ಲೂ ಬೆರಳು ಹಾಕುತ್ತದೆ. ಹಕ್ಕಳೆ ಕಿತ್ತು ರಕ್ತ ಬರುತ್ತದೆ.

ಅಲರ್ಜಿಗೆ ಕೊಡುವ ಔಷಧವೂ ಕಾರಣವಾಗಬಹುದು. ಕ್ಲೋರ್‌ಫೆನಿರಮಿನ್‌ನಂಥ ಹಳೆಯ ಔಷಧಗಳು ಮೂಗನ್ನು ಒಣಗಿಸುತ್ತವೆ. ಫ್ಲುಟಿಕಾಸೋನ್, ಮೊಮೆಟಾಸೋನ್ ಸ್ಪ್ರೇಗಳು ನಡುಗೋಡೆಗೇ ಬಡಿದರೆ ಪೊರೆ ಹುಣ್ಣಾಗುತ್ತದೆ. ಬಲ ಹೊಳ್ಳೆಗೆ ಎಡಗೈಯಲ್ಲಿ, ಎಡ ಹೊಳ್ಳೆಗೆ ಬಲಗೈಯಲ್ಲಿ, ತುದಿಯನ್ನು ಕಿವಿಯ ಕಡೆಗೆ ತಿರುಗಿಸಿ ಹೊಡೆಯುವುದೇ ಸರಿ. ಔಷಧದಂಗಡಿಯ ಉಪ್ಪುನೀರಿನ ಹನಿ ಪೊರೆಯನ್ನು ತೇವವಾಗಿಡುತ್ತದೆ.

ರಕ್ತ ಬಂದಾಗ ಮಗುವನ್ನು ಮಲಗಿಸಬಾರದು, ತಲೆ ಹಿಂದಕ್ಕೆ ಬಾಗಿಸಬಾರದು; ರಕ್ತ ಗಂಟಲಿಗಿಳಿದು ವಾಂತಿಯಾಗುತ್ತದೆ. ಕೂರಿಸಿ, ಮುಂದಕ್ಕೆ ಬಾಗಿಸಿ, ಮೂಗಿನ ಮೃದುಭಾಗವನ್ನು 10 ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. 20 ನಿಮಿಷವಾದರೂ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಪದೇ ಪದೇ ಬಂದರೆ, ವಸಡಿನಲ್ಲೂ ರಕ್ತ ಕಂಡರೆ, ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆಗಳೆದ್ದರೆ ವೈದ್ಯರ ತಪಾಸಣೆ ಅಗತ್ಯ.