ಓಲೆಯ ಕಟ್ಟನ್ನು ಬಿಗಿಯುವ ಕಿಣ್ವ

ಹಿರಿಯರ ಮನೆಗಳಲ್ಲಿ ತಾಳೆಯೋಲೆಯ ಗ್ರಂಥಗಳನ್ನು ಎರಡು ಹಲಗೆಗಳ ನಡುವೆ ಇಟ್ಟು ದಾರದಿಂದ ಬಿಗಿದಿರುವುದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಕಟ್ಟನ್ನು ಸಡಿಲಿಸಿದಲ್ಲದೆ ಓಲೆಯನ್ನು ಓದಲಾಗದು. ಓದಿದ ಮೇಲೆ ಮರಳಿ ಬಿಗಿಯದಿದ್ದರೆ ಗ್ರಂಥವೇ ಕೆಡುವುದು. ನಮ್ಮ ದೇಹದ ಜೀವಕೋಶಗಳಲ್ಲಿಯೂ ಇಂಥದೇ ಕಾರ್ಯವು ಅಹರ್ನಿಶಿ ನಡೆಯುತ್ತಿರುವುದೆಂದರೆ ಆಶ್ಚರ್ಯವಲ್ಲವೇ?

ಒಂದು ಜೀವಕೋಶದಲ್ಲಿರುವ ಡಿ.ಎನ್.ಎ. ಎಂಬ ತಂತುವನ್ನೆಲ್ಲ ನೀಳವಾಗಿ ಎಳೆದರೆ ಸುಮಾರು 2 ಮೀಟರು ಉದ್ದವಾಗುವುದು. ಬರಿಗಣ್ಣಿಗೆ ಕಾಣದ ಕೋಶಕೇಂದ್ರದಲ್ಲಿ ಅದು ಅಡಗಿರುವುದಕ್ಕೆ ಹಿಸ್ಟೋನ್ ಎಂಬ ಸಸಾರಜನಕ ದ್ರವ್ಯಗಳೇ ಮುಖ್ಯ ಕಾರಣ. ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್ ಎಂಬ ಪಂಡಿತರು 1884ರಲ್ಲಿ ಇವನ್ನು ಕಂಡುಹಿಡಿದರು. ಎಂಟು ಹಿಸ್ಟೋನುಗಳು ಕೂಡಿ ಒಂದು ಉರುಳೆಯಾಗುವುವು. ನೂಲಿನಂತೆ ತಂತುವು ಅದನ್ನು ಸುತ್ತಿಕೊಳ್ಳುವುದು. ಹಿಸ್ಟೋನಿನಲ್ಲಿ ಧನವಿದ್ಯುತ್ತು, ತಂತುವಿನಲ್ಲಿ ಋಣವಿದ್ಯುತ್ತು. ಆದುದರಿಂದಲೇ ಆ ಬಿಗಿತ. ಅಸಿಟೈಲ್ ಎಂಬ ಸಣ್ಣ ತುಣುಕು ಹಿಸ್ಟೋನಿಗೆ ಅಂಟಿದೊಡನೆ ಧನವಿದ್ಯುತ್ತು ಕುಗ್ಗಿ ಹಿಡಿತವು ಸಡಿಲಗೊಳ್ಳುವುದು, ಬರಹವು ಓದಿಗೆ ಸಿಕ್ಕುವುದು. ಹೀಗೊಂದು ಸಂಬಂಧವಿರಬಹುದೆಂದು ನ್ಯೂಯಾರ್ಕಿನ ವಿನ್ಸೆಂಟ್ ಆಲ್‌ಫ್ರಿ ಮತ್ತು ಅವರ ಸಂಗಡಿಗರು 1964ರಲ್ಲಿ ಸೂಚಿಸಿದರು.

ಅಂಟಿದ ತುಣುಕನ್ನು ಕಿತ್ತು ಕಟ್ಟನ್ನು ಮತ್ತೆ ಬಿಗಿಯುವುದೇ ಹಿಸ್ಟೋನ್ ಡಿಅಸಿಟೈಲೇಸ್ ಎಂಬ ಕಿಣ್ವ. ಸಂಸ್ಕೃತದಲ್ಲಿ ಕಿಣ್ವವೆಂದರೆ ಮದ್ಯವನ್ನು ಹುಳಿಯಿಸುವ ಹುದುಗು. ತಾನು ವ್ಯಯವಾಗದೆ ಕಾರ್ಯವನ್ನು ನಡೆಯಿಸುವ ಇಂಥ ದ್ರವ್ಯಗಳಿಗೆ ಆ ಹೆಸರು ಒಪ್ಪುವುದು. ಕೆಲವು ಬಗೆಯ ಅರ್ಬುದ ರೋಗಗಳಲ್ಲಿ ಕೋಶದ ಬೆಳವಣಿಗೆಗೆ ತಡೆಯೊಡ್ಡುವ ಪುಟಗಳೇ ಬಿಗಿಯಲ್ಪಟ್ಟು ಓದಿಗೆ ದೊರೆಯದಂತಾಗುವುವು. ಹಾಗಾದರೆ ಬಿಗಿಯುವ ಕೈಯನ್ನೇ ತಡೆಯಬಾರದೇಕೆ? ಈ ಯೋಚನೆಯಿಂದಲೇ ಔಷಧದ ಶೋಧ ಮುಂದುವರಿಯಿತು.

ಆದರೆ ಪರೀಕ್ಷಿಸಲು ಶುದ್ಧವಾದ ಕಿಣ್ವ ಬೇಕು. 1996ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸ್ಟುವರ್ಟ್ ಶ್ರೈಬರರ ತಂಡವು ಟ್ರಾಪಾಕ್ಸಿನ್ ಎಂಬ ವಸ್ತುವನ್ನು ಗಾಳದ ಎರೆಯಂತೆ ಬಳಸಿ ಈ ಕಿಣ್ವವನ್ನು ಹಿಡಿಯಿತು. ಅದರ ಬರಹವು ತಿಳಿದುಬಂದ ಮೇಲೆ ಬೇಕಾದಷ್ಟನ್ನು ತಯಾರಿಸುವ ಉಪಾಯವೂ ದೊರೆಯಿತು.

ಆ ಉಪಾಯ ಕೇಳಲು ವಿಚಿತ್ರವಾಗಿದೆ. 2018ರಲ್ಲಿ ಶಿವಮೊಗ್ಗದ ಕಡೆಯ ಮುಸುಕಿನ ಜೋಳದ ಹೊಲಗಳಲ್ಲಿ ಕಾಣಿಸಿಕೊಂಡು ರೈತರನ್ನು ಕಂಗೆಡಿಸಿದ ಸೈನಿಕ ಹುಳುವನ್ನು ನೀವು ಬಲ್ಲಿರಿ. ಆ ಜಾತಿಯ ಪತಂಗದ ಅಂಡಾಶಯದಿಂದ ತೆಗೆದ ಕೋಶಗಳನ್ನು 1977ರಿಂದ ಗಾಜಿನ ಪಾತ್ರೆಗಳಲ್ಲಿ ಬೆಳೆಸುತ್ತಿರುವರು. ಹುಳುಗಳಿಗೆ ರೋಗ ತರುವ ಒಂದು ವೈರಸ್ಸಿನೊಳಗೆ ಮನುಷ್ಯನ ಕಿಣ್ವದ ಬರಹವನ್ನು ಸೇರಿಸಿ ಆ ಕೋಶಗಳಿಗೆ ತಗುಲಿಸಿದರೆ, ಕೋಶವು ಪರರ ಬರಹವನ್ನು ತನ್ನದೆಂದೇ ಓದಿ ಮನುಷ್ಯನ ಕಿಣ್ವವನ್ನು ತಯಾರಿಸುವುದು. ಕೋಶವನ್ನೊಡೆದು, ಶೋಧಿಸಿ, ಸಣ್ಣ ನಳಿಕೆಗಳಲ್ಲಿ ತುಂಬಿ ಕಡುಶೀತದಲ್ಲಿ ಕಾಪಾಡುವರು. ಪರೀಕ್ಷೆಯಲ್ಲಿ ಕಿಣ್ವವು ಕೆಲಸ ಮಾಡಿದರೆ ಬೆಳಕು ಹೊಮ್ಮುವಂತೆ ಏರ್ಪಡಿಸುವರು. ಹೊಸ ಮದ್ದನ್ನು ಬೆರಸಿದಾಗ ಬೆಳಕು ಮಂದವಾದರೆ ಕಿಣ್ವವು ತಡೆಯಲ್ಪಟ್ಟಿತೆಂದು ಊಹಿಸಬಹುದು. ರೋಗಿಯೊಬ್ಬನನ್ನೂ ಮುಟ್ಟದೆ ಸಾವಿರಾರು ವಸ್ತುಗಳನ್ನು ಹೀಗೆ ಒರೆಗೆ ಹಚ್ಚಬಹುದು.

ಇದರ ಅಗತ್ಯವನ್ನೂ ಅರಿಯಬೇಕು. ಮನುಷ್ಯನಲ್ಲಿ ಇಂಥ ಕಿಣ್ವಗಳು 18 ಬಗೆಯವಿವೆ. ಇವುಗಳಲ್ಲಿ ಹಲವನ್ನು ಒಟ್ಟಿಗೆ ತಡೆಯುವ ವೋರಿನೋಸ್ಟಾಟ್ ಎಂಬ ಮದ್ದಿಗೆ, ಚರ್ಮದಲ್ಲಿ ತೋರುವ ಒಂದು ಬಗೆಯ ಲಿಂಫೋಮಾ ರೋಗಕ್ಕಾಗಿ, ಅಮೆರಿಕ ಸರಕಾರವು 2006ರಲ್ಲಿ ಅನುಮತಿಯಿತ್ತಿತು. ಆದರೆ ಆ ಮದ್ದಿನಿಂದ ಆಯಾಸ, ಅತಿಸಾರ ಮೊದಲಾದ ಬಾಧೆಗಳೂ ಉಂಟು. ಬೇಕಾದ ಕಟ್ಟನ್ನು ಮಾತ್ರ ಸಡಿಲಿಸುವ ಮದ್ದು ಸಿಕ್ಕಬೇಕಾದರೆ ಒಂದೊಂದು ಕಿಣ್ವವನ್ನೂ ಬೇರೆಬೇರೆಯಾಗಿಯೇ ಪರೀಕ್ಷಿಸಬೇಕು.

ನಳಿಕೆಯ ಮೇಲೆ “ಸಂಶೋಧನೆಗೆ ಮಾತ್ರ” ಎಂಬ ಸೂಚನೆಯಿರುವುದು. ಗಾಜಿನಲ್ಲಿ ಗೆದ್ದ ಮದ್ದು ದೇಹದಲ್ಲಿ ಗೆಲ್ಲುವುದೆಂದು ಹೇಳಲಾಗದು. ಮನೆಯಲ್ಲಿ ಅರ್ಬುದ ರೋಗಿಗಳಿರುವವರು ಬಲು ಬೇಗ ಆಶೆಪಡುವರು. ಅಂಥವರಿಗೆ ಪ್ರಯೋಗಶಾಲೆಯ ಸುದ್ದಿಯನ್ನೇ ಚಿಕಿತ್ಸೆಯೆಂದು ಮಾರುವವರೂ ಇರುವರು. ವೈದ್ಯರನ್ನು ಕೇಳದೆ ಅಂಥ ಮಾತಿಗೆ ಹಣವನ್ನಾಗಲಿ ದಿನಗಳನ್ನಾಗಲಿ ಕೊಡಬೇಡಿರೆಂದು ನಮ್ಮ ವಿನಂತಿ. ಆದರೆ ನಿರಾಶರಾಗಲೂ ಬೇಡಿರಿ. ಬೆಳೆಯನ್ನು ತಿಂದ ಹುಳುವಿನ ಕೋಶವೇ ಮನುಷ್ಯನ ವ್ಯಾಧಿಯನ್ನು ಅರಿಯಲು ನೆರವಾಗುತ್ತಿರುವುದು. ಓಲೆಯನ್ನು ಬಿಚ್ಚುವವರಿಗೆ ಬೇಕಾದುದು ತಾಳ್ಮೆ.